ಮಗಳ ಜಡೆಯಲ್ಲಿ ಸಿಕ್ಕ ಪಿನ್ನು

"ಪಿನ್ನಕ್ಕ, ನನ್ನ ತಲೇಲಿ ಹೇನು ಬಿಟ್ರೆ ಇನ್ನೇನೂ ಇಲ್ಲ, ಬೇಗ ಬಿಡು," ಎಂದಳು ಸಾಲಿನ ಮುಂದಿದ್ದವಳು.

"ಹೇನು ಕಿಡಿ ಹಾರಿಸಲ್ಲ. ನಡಿ ಒಳಗೆ."

ಹೆಂಗಸರು ಕಿಸಕ್ಕನೆ ನಕ್ಕರು. ಪಿನ್ನಕ್ಕ ನಗಲಿಲ್ಲ. ಫಿರಂಗಿ ಗುಂಡಿಗೆ ಮದ್ದು ತುಂಬುವ ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಹೋಗುವವರ ಜಡೆ, ಜೇಬು ತಡಕುವುದು ಅವಳ ಕೆಲಸ. ಒಂದು ಕೂದಲಪಿನ್ನು ಕಲ್ಲಿಗೆ ತಾಗಿ ಕಿಡಿ ಹಾರಿದರೆ ಶೆಡ್ಡಿಗೆ ಶೆಡ್ಡೇ ಬೂದಿ. ಅದಕ್ಕೇ ಪಿನ್ನು ಸಿಕ್ಕವಳನ್ನು ಅವತ್ತೇ ಕೆಲಸದಿಂದ ಕಿತ್ತುಹಾಕುತ್ತಿದ್ದರು.

ಮುಂದೆ ಬಂದವಳು ಅವಳ ಮಗಳು. ಮದ್ದು ಹತ್ತಿ ಹತ್ತಿ ಹುಡುಗಿಯ ಅಂಗೈ, ಉಗುರು, ಈಗ ಕಣ್ಣಿನ ಬಿಳಿ ಕೂಡ ಹಳದಿ. ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಈ ಕೆಲಸ ಬಿಟ್ಟುಬಿಡು ಎಂದು ಅಮ್ಮ ಕಾಲು ಹಿಡಿಯುವುದೊಂದು ಬಾಕಿ. "ಬಿಟ್ಟು ಮಣ್ಣು ತಿನ್ನೋಣ್ವಾ? ಊರಲ್ಲಿ ಬೇರೆ ಏನಿದೆ?" ಅನ್ನುತ್ತಿದ್ದಳು ಮಗಳು. ಮಾತು ಸುಳ್ಳಲ್ಲ. ಬೆಟ್ಟ ಕರಗಿ ಕಬ್ಬಿಣವಾಗಿ, ಕಬ್ಬಿಣ ಫಿರಂಗಿಯಾಗಿ, ಹಿಂದೆ ಯಾರೂ ಮೂಸಿ ನೋಡದ ದೇಶದ ಹೆಸರು ಹೇಳಿದರೆ ಈಗ ನೆರೆಯ ದೇಶದವರು ಬೆವರುತ್ತಿದ್ದರು. ಆ ಬೆಟ್ಟದ ಗಣಿಯೇ ಹುಡುಗಿಯ ಅಪ್ಪನನ್ನು ನುಂಗಿತ್ತು.

ಮನೆಯಿಂದ ತಂದ ಪಿನ್ನೊಂದು ಪಿನ್ನಕ್ಕನ ಬೆರಳ ಸಂದಿಯಲ್ಲಿತ್ತು. ಮಗಳ ಜಡೆಯೊಳಗೆ ಕೈ ಹಾಕಿದಳು. ತೆಗೆದು ಎತ್ತಿ ಹಿಡಿದಳು.

"ಮೇಸ್ತ್ರಿಗಳೇ! ಇಲ್ಲಿ ನೋಡಿ!"

ಮಗಳು ಪಿನ್ನು ನೋಡಿದಳು, ಆಮೇಲೆ ಅಮ್ಮನ ಮುಖ ನೋಡಿದಳು. "ಅಮ್ಮಾ, ಇದು ನಂದಲ್ಲ. ನಿಂಗೊತ್ತು."

"ನಂಗೇನು ಗೊತ್ತು? ಜಡೆ ನಿಂದು ತಾನೆ?"

ಬೈಯಲಿ, ವರ್ಷಗಟ್ಟಲೆ ಮಾತು ಬಿಡಲಿ. ಬದುಕಿದ್ದರೆ ಸಾಕು.

ಮೇಸ್ತ್ರಿ ಬಂದು ತಲೆದೂಗಿದ. "ಹೆತ್ತ ಮಗಳನ್ನೂ ಬಿಡಲಿಲ್ವಲ್ಲ ನೀನು! ನಿನ್ನಂಥೋರಿಂದ್ಲೇ ಕಣಮ್ಮ, ದೇಶ ಮೇಲೆ ಬಂದಿರೋದು."

"ಇವಳನ್ನ ಮನೆಗೆ ಕಳಿಸಿ ಮತ್ತೆ."

"ಮನೆಗಾ? ಆ ಕಾಲ ಹೋಯ್ತು. ನಿನ್ನೆ ದೊಡ್ಡ ಆರ್ಡರು ಬಂದಿದೆ, ಕೈ ಸಾಲ್ತಿಲ್ಲ. ತಪ್ಪು ಮಾಡಿದೋರು ಇನ್ಮೇಲೆ ಕೇಪಿನ ಕೋಣೆಗೆ."

ಕೇಪು ಎಂದರೆ ಗುಂಡನ್ನು ಸಿಡಿಸುವ ಪುಟ್ಟ ತಾಮ್ರದ ಮುಚ್ಚಳ. ತುಸು ಜೋರಾಗಿ ಒತ್ತಿದರೆ ಕೈಯಲ್ಲೇ ಢಂ. ಆ ಕೋಣೆಯಿಂದ ಹತ್ತು ಬೆರಳೂ ಉಳಿಸಿಕೊಂಡು ಬಂದವರನ್ನು ಯಾರೂ ಕಂಡಿರಲಿಲ್ಲ.

ಪಿನ್ನಕ್ಕ ಮೇಸ್ತ್ರಿಗೆ ಅಡ್ಡ ನಿಂತಳು. "ಪಿನ್ನು ನಂದು, ಮೇಸ್ತ್ರಿಗಳೇ. ನಾನೇ ಇಟ್ಟೆ. ನಿಮ್ಮಾಣೆ!"

ಮೇಸ್ತ್ರಿ ನಕ್ಕುಬಿಟ್ಟ. "ಕರುಳು ಈಗ ಚುರುಕ್ ಅಂತಾ? ಸಾಲು ನಿಲ್ಲಿಸ್ಬೇಡ, ಮುಂದಿನೋಳ್ನ ನೋಡು."

ಮಗಳು ಅಮ್ಮನ ಕೈಯನ್ನೇ ನೋಡುತ್ತ ಒಂದು ಗಳಿಗೆ ನಿಂತಳು. "ಮಧ್ಯಾಹ್ನ ನನಗೆ ಕಾಯ್ಬೇಡ," ಎಂದಳು. "ನೀನು ಉಂಡುಬಿಡು."

ಕೇಪಿನ ಕೋಣೆ ಸುತ್ತ ಮಣ್ಣಿನ ದಿಬ್ಬ ಕಟ್ಟಿಸಿಕೊಂಡು ದೂರದಲ್ಲಿ ಒಂಟಿಯಾಗಿತ್ತು. ಹೆಚ್ಚು ಜನ ಓಡಾಡದ ದಾರಿ. ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಇಬ್ಬನಿಗೆ ನೆನೆಯದಂತೆ ಹುಡುಗಿ ಎರಡೂ ಕೈಯಲ್ಲಿ ಲಂಗ ಎತ್ತಿ ಹಿಡಿದುಕೊಂಡು ನಡೆದಳು.