ಗೂಡಿಗೆ ಕೊಟ್ಟ ನೀಲಿ ದಾರ

ಅದು ಎಂಟು ಮನೆಗಳ ಓಣಿ. ಮಳೆ ಬಂದರೆ ಕೆಸರು, ಬಿಸಿಲಾದರೆ ಧೂಳು ಅಂತ ಎಂಟೂ ಮನೆಯವರು ಅಂಗಳಕ್ಕೆ ಸಿಮೆಂಟು ಹಾಕಿಸಿಕೊಂಡಿದ್ದರು. ಗುಡಿಸುವುದು ಸುಲಭವಾಯಿತು. ಚಿಟ್ಟೆ, ದುಂಬಿ ಇತ್ತ ಸುಳಿಯುವುದು ನಿಂತೇಹೋಯಿತು. ಅದು ಯಾರ ಗಮನಕ್ಕೂ ಬರಲಿಲ್ಲ, ಟೈಲರಮ್ಮನ ಹೊರತು.

ಅವಳಿಗೆ ಗಮನಿಸಲು ಬೇಕಾದಷ್ಟು ಹೊತ್ತಿತ್ತು. ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತು ಗುಂಡಿ ಹಾಕುತ್ತಿದ್ದ ತಂಗಿ ಹೋದ ವರ್ಷ ತೀರಿಕೊಂಡಿದ್ದಳು. ಈಗ ಬರುವವರು ಅಳತೆ ಕೊಟ್ಟು, "ಯಾವತ್ತು ಸಿಗುತ್ತೆ?" ಅಂತ ಕೇಳಿ ಹೊರಟುಬಿಡುತ್ತಾರೆ. "ಶನಿವಾರ" ಅನ್ನುತ್ತಾಳೆ. ಕೆಲವು ದಿನ ಬೆಳಗಿನಿಂದ ರಾತ್ರಿಯವರೆಗೆ ಅವಳು ಆಡಿದ ಮಾತು ಅದೊಂದೇ.

ಅವಳ ಅಂಗಳದ ಸಿಮೆಂಟಿನ ನಡುವೆ ಒಂದು ದಾಸವಾಳದ ಗಿಡ ಉಳಿದಿತ್ತು. ಒಂದು ಬೆಳಿಗ್ಗೆ ಅದಕ್ಕೆ ಸೂರಕ್ಕಿ ಜೋಡಿ ಬಂತು. ಹೂವಿನ ರಸ ಹೀರುವ, ಹೆಬ್ಬೆರಳಿನಷ್ಟು ಹಕ್ಕಿಗಳು. ಹೆಣ್ಣುಹಕ್ಕಿ ಒಂದೊಂದೇ ನಾರು ತಂದು ಪುಟ್ಟ ಚೀಲದಂಥ ಗೂಡನ್ನು ಕೊಂಬೆಗೆ ನೇತುಹಾಕತೊಡಗಿತು.

"ಒಂದು ಎಳೆಗೆ ಒಂದು ಸಲ ಓಡಾಡ್ತೀಯಲ್ಲೇ, ಯಾವಾಗ ಮುಗಿಸ್ತೀಯ?" ಅಂದಳು ಟೈಲರಮ್ಮ ಕಿಟಕಿಯಿಂದ. ಆಮೇಲೆ ಶಾಲೆಯ ಸಮವಸ್ತ್ರ ಹೊಲಿದು ಉಳಿದ ನೀಲಿ ದಾರದ ತುಂಡುಗಳಲ್ಲಿ ಗಟ್ಟಿಯಾದವನ್ನು ಆರಿಸಿ ಗಿಡದ ಮೇಲೆ ಹರವಿದಳು. ಹಕ್ಕಿ ಎತ್ತಿಕೊಂಡು ಹೋಯಿತು. ಅವತ್ತು ಅವಳಿಗೆ ಊಟ ರುಚಿಸಿತು.

ಹದಿನೈದು ದಿನ ಕಳೆದಿರಬೇಕು. ಮನೆಮನೆಯ ತೊಟ್ಟಿಗಳಲ್ಲಿ ಸೊಳ್ಳೆಮರಿ ಇದೆಯೇ ಅಂತ ನೋಡುತ್ತಾ ನರ್ಸಮ್ಮ ಬಂದಳು. ಗೇಟಿನಲ್ಲೇ ನಿಂತಳು.

"ಅಕ್ಕಾ, ಕತ್ತರಿ ತನ್ನಿ. ಬೇಗ."

ಹೆಣ್ಣುಹಕ್ಕಿ ಗೂಡಿನಿಂದ ತಲೆಕೆಳಗಾಗಿ ಜೋತಾಡುತ್ತಿತ್ತು. ನೀಲಿ ದಾರ ಕಾಲಿಗೆ ಸುತ್ತಿ ಬಿಗಿದಿತ್ತು. ನರ್ಸಮ್ಮ ಅಂಗೈಯಲ್ಲಿ ಹಕ್ಕಿಯನ್ನು ಹಿಡಿದಳು. ಜೀವಮಾನವೆಲ್ಲಾ ದಾರ ಕತ್ತರಿಸಿದ ಟೈಲರಮ್ಮ ಎರಡು ಸಲ ಗುರಿ ತಪ್ಪಿ, ಮೂರನೆಯ ಸಲಕ್ಕೆ ಆ ಒಂದು ಎಳೆ ಕತ್ತರಿಸಿದಳು.

ಹಕ್ಕಿ ಹಾರಿ ಮೇಲಿನ ತಂತಿಯ ಮೇಲೆ ಕೂತಿತು. ಆಮೇಲೆ ಅಲ್ಲಿಂದಲೂ ಹೋಯಿತು. ಗೂಡಿನಲ್ಲಿ ಎರಡು ಮೊಟ್ಟೆಗಳಿದ್ದವು. ಮೂರು ದಿನ ಟೈಲರಮ್ಮ ಕಿಟಕಿ ಬಿಟ್ಟು ಏಳಲಿಲ್ಲ. ಹಕ್ಕಿ ಬರಲಿಲ್ಲ.

ನಾಲ್ಕನೆಯ ದಿನ ನರ್ಸಮ್ಮ ಮತ್ತೆ ಬಂದಳು.

"ನೀರು ನೋಡಿ ಆಯ್ತಲ್ಲ ಮೊನ್ನೆ?" ಅಂದಳು ಟೈಲರಮ್ಮ.

"ಇವತ್ತು ನಿಮ್ಮನ್ನ ನೋಡೋಕೆ ಬಂದೆ."

"ನನ್ನನ್ನೇನು ನೋಡ್ತೀ. ಸೋಮವಾರ ಮೇಸ್ತ್ರಿ ಬರ್ತಾನೆ. ಗಿಡ ಕಿತ್ತು ಅಲ್ಲಿಗೂ ಸಿಮೆಂಟು ಹಾಕಿಸ್ತೀನಿ. ಗಟ್ಟಿ ದಾರ, ಎಷ್ಟು ಎಳೆದರೂ ಕಿತ್ತುಹೋಗಲ್ಲ ಅಂತ ಆರಿಸಿ ಆರಿಸಿ ಕೊಟ್ಟೆ ನರ್ಸಮ್ಮ."

"ತೊಂದರೆ ಆಗಿದ್ದೇ ಅದರಿಂದ. ಅವು ಜೇಡರಬಲೆ ತಂದು ಗೂಡು ಬಿಗೀತಾವೆ. ಬಲೆ ಎಳೆದರೆ ಹಿಗ್ಗುತ್ತೆ, ಜೋರಾಗಿ ಜಗ್ಗಿದರೆ ಕಿತ್ತುಹೋಗುತ್ತೆ. ನಮ್ಮ ದಾರಕ್ಕೆ, ತಲೆಕೂದಲಿಗೆ ಆ ಗುಣ ಇಲ್ಲ. ನೀವು ಮನಸ್ಸಿಟ್ಟು ಕೊಟ್ರಿ. ಗೊತ್ತಿರಲಿಲ್ಲ, ಅಷ್ಟೇ."

"ನನ್ನ ಮನೇಲಿ ಒಂದು ಜೇಡರಬಲೆ ಹುಡುಕಿ ತೋರಿಸು, ನಿನಗೊಂದು ರವಿಕೆ ಪುಕ್ಕಟೆ. ದಿನಕ್ಕೆರಡು ಸಲ ಧೂಳು ಹೊಡೀತೀನಿ. ಇನ್ನೇನು ಕೆಲಸ ನನಗೆ?"

"ಇನ್ನುಮೇಲೆ ಒಂದು ಮೂಲೆ ಬಿಟ್ಟುಬಿಡಿ. ಗಿಡಕ್ಕೆ ಔಷಧಿ ಹೊಡೀಬೇಡಿ. ಮರಿಗಳಿಗೆ ಹುಳವೇ ಊಟ. ಮೇಸ್ತ್ರಿ ಹೇಗೂ ಬರ್ತಾನೆ. ಸಿಮೆಂಟು ಹಾಕೋ ಬದಲು ನಾಲ್ಕು ಮೊಳ ಒಡೆಸಿ, ತುಂಬೆ ಗಿಡ ಹಾಕಿ. ನಮ್ಮ ಮಣ್ಣಿನದೇ ಗಿಡ, ನೀರು, ಆರೈಕೆ ಕೇಳೋದೂ ಕಡಿಮೆ."

ಎದುರುಮನೆಯ ಮೇಷ್ಟ್ರು ಪೇಪರ್ ಮಡಿಸಿ ಗೇಟಿನ ಹತ್ತಿರ ಬಂದರು. "ಗಿಡ ಅಂತೀರಿ, ಹಾವು ಬಂದರೆ? ಸೊಳ್ಳೆ ಬಂದರೆ? ಆಗ ಇಂಜೆಕ್ಷನ್ ಹಾಕೋಕೆ ನೀವೇ ಬರೋದಲ್ವಾ?"

"ನಿಮಗೆ ದೊಡ್ಡ ಸೂಜಿನೇ ತರ್ತೀನಿ ಮೇಷ್ಟ್ರೇ," ಅಂದಳು ನರ್ಸಮ್ಮ. "ತರಗೆಲೆ ಗೋಡೆಯಿಂದ ದೂರ ಇರಲಿ. ಇಟ್ಟಿಗೆ, ಕಟ್ಟಿಗೆ ಅಂಗಳದಲ್ಲಿ ರಾಶಿ ಹಾಕಬೇಡಿ. ಹಕ್ಕಿಗೆ ಬಟ್ಟಲಲ್ಲಿ ನೀರಿಡಿ, ಅದನ್ನ ದಿನಾ ಬೆಳಿಗ್ಗೆ ಚೆಲ್ಲಿ, ಬಟ್ಟಲು ಉಜ್ಜಿ ಇಡಿ. ಸೊಳ್ಳೆ ಮೊಟ್ಟೆ ಇಟ್ಟರೂ ಉಳಿಯಲ್ಲ."

ಮೇಷ್ಟ್ರು ಒಪ್ಪಿದ್ದೇನೆ ಅನ್ನಲಿಲ್ಲ. ಆದರೆ ಸೋಮವಾರ ಮೇಸ್ತ್ರಿ ಕೈಕೊಟ್ಟಾಗ ಹಾರೆ ಹಿಡಿದು ಅವರೇ ಬಂದರು. ಟೈಲರಮ್ಮ ನೀರು ಕೊಟ್ಟಳು. ನಾಲ್ಕು ಮೊಳ ಸಿಮೆಂಟು ಒಡೆದು ಇಬ್ಬರೂ ಸೇರಿ ತುಂಬೆ ಸಸಿ ನೆಟ್ಟರು.

ಮಳೆ ಬಿದ್ದು ತುಂಬೆ ಚಿಗುರಿತು. ಬಿಳಿ ಹೂವಿಗೆ ಮೊದಲು ಜೇನು ಬಂದವು, ಹಿಂದೆಯೇ ಚಿಟ್ಟೆ. ಎಷ್ಟೋ ದಿನ ಹಕ್ಕಿಯ ಸುಳಿವಿರಲಿಲ್ಲ. ಟೈಲರಮ್ಮ ಬೆಳಿಗ್ಗೆ ಬಟ್ಟಲು ಉಜ್ಜಿ ನೀರಿಟ್ಟು, ಸಂಜೆ ಹಾಗೇ ಉಳಿದ ನೀರನ್ನು ಗಿಡಕ್ಕೆ ಸುರಿದು ಒಳಗೆ ಹೋಗುತ್ತಿದ್ದಳು.

ಬೇಸಿಗೆ ಹೊತ್ತಿಗೆ ಜೋಡಿಯೊಂದು ಬಂತು. ಮೊದಲಿನದ್ದೇ ಇರಬಹುದು, ಬೇರೆಯೂ ಇರಬಹುದು. ಟೈಲರಮ್ಮ ಏನೂ ಕೊಡಲಿಲ್ಲ, ಹತ್ತಿರಕ್ಕೂ ಹೋಗಲಿಲ್ಲ. ಒಂದು ಬೆಳಿಗ್ಗೆ ಗೂಡಿನ ಬಾಯಿಂದ ಎರಡು ಕೊಕ್ಕು ಇಣುಕಿದವು.

"ನೋಡೇ ಇಲ್ಲಿ," ಅನ್ನುತ್ತಾ ಅವಳು ತಂಗಿ ಕೂರುತ್ತಿದ್ದ ಕಡೆಗೆ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿ ಓಣಿ ದಾಟಿ ಎದುರುಮನೆಯ ಬಾಗಿಲು ತಟ್ಟಿದಳು.

"ಮೇಷ್ಟ್ರೇ, ಒಂಚೂರು ಬರ್ತೀರಾ? ಸದ್ದು ಮಾಡ್ಬೇಡಿ."

ಮೇಷ್ಟ್ರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡವರು ಹಾಗೇ ಬಂದು ನಿಂತರು.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ಒಂದು ಮಾತು. ಅಂಗಳದಲ್ಲಿ ನಾಲ್ಕು ಮೊಳ ಮಣ್ಣು ಬಿಡಿ. ಜಾಗವಿಲ್ಲದಿದ್ದರೆ ಒಂದು ಕುಂಡವಾದರೂ ಸಾಕು. ನಿಮ್ಮ ನೆಲದ್ದೇ ಗಿಡ ನೆಡಿ, ಔಷಧಿ ಹೊಡೆಯಬೇಡಿ. ದಾರ, ಕೂದಲು ಹೊರಗೆ ಚೆಲ್ಲದೆ ಮುಚ್ಚಿದ ಬುಟ್ಟಿಗೆ ಹಾಕಿ. ನಿಮ್ಮ ಓಣಿಯಲ್ಲಿ ಒಬ್ಬರೇ ಇರುವವರಿದ್ದರೆ ಮೊದಲ ಸಸಿಯನ್ನು ಅವರಿಗೇ ಕೊಟ್ಟು ಬನ್ನಿ. ಕೊಟ್ಟ ತಕ್ಷಣ ಹೊರಡಬೇಡಿ.