ಕತ್ತರಿ ಗುರುತಿನ ನಕ್ಷತ್ರ

ಅಕ್ಕನ ಟ್ರ್ಯಾಕ್ಟರ್ ಮತ್ತೆ ನಮ್ಮ ವರ್ಕ್‌ಶಾಪಿಗೆ ಬಂದಾಗ ಅಕ್ಕ ಜೊತೆಗೆ ಬರಲಿಲ್ಲ. ಅವಳ ನರ್ಸರಿಯ ಕೆಲಸದವನು ಅದನ್ನು ಲಾರಿಯಿಂದ ಇಳಿಸಿ, ಕೀಲಿಯನ್ನು ನನ್ನ ಕೈಗೆ ಕೊಡದೆ ಮಾವನ ಮೇಜಿನ ಮೇಲಿಟ್ಟು ಹೋದ. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಬಂದಿದ್ದರೆ ಫ್ಲಾಸ್ಕ್ ತುಂಬ ಚಹಾ ತರುತ್ತಿದ್ದಳು, ಗ್ರೀಸ್ ಮೆತ್ತಿದ ನನ್ನ ಕೂದಲು ನೋಡಿ ಮುಖ ಸಿಂಡರಿಸುತ್ತಿದ್ದಳು, ಬಾಯ್ತುಂಬ ಬೈಯುತ್ತಿದ್ದಳು. ಬೈಯದೆ ಸುಮ್ಮನಿರುವುದು ಅವಳ ಜಾಯಮಾನವೇ ಅಲ್ಲ.

ಅವಳ ನರ್ಸರಿ ಇಳಿಜಾರಿನಲ್ಲಿದೆ. ಕುಂಡಗಳು ತುಂಬಿದ ಟ್ರೈಲರನ್ನು ಎಳೆದುಕೊಂಡು ಈ ಪುಟ್ಟ ಟ್ರ್ಯಾಕ್ಟರ್ ದಿನವಿಡೀ ಹತ್ತಿ ಇಳಿಯುತ್ತದೆ. ಹಿಂದಿನ ವಾರ ಏರಿನ ನಡುವೆ ಅದರ ಬಲವೆಲ್ಲ ಸೋರಿಹೋಗಿ, ಹಿಂದಕ್ಕೆ ಜಾರಿ, ಗಾಜಿನ ಮನೆಗೆ ಗುದ್ದಿತ್ತು. ಓಡಿಸುತ್ತಿದ್ದವಳು ಅಕ್ಕನೇ. ಕೂದಲೆಳೆಯ ಅಂತರದಲ್ಲಿ ಪಾರಾದಳು. ಗಾಲಿ ತಿರುಗಿಸುವ ಹೈಡ್ರಾಲಿಕ್ ಮೋಟರನ್ನು ನಮ್ಮಲ್ಲಿ ರಿಪೇರಿ ಮಾಡಿಸಿ ಆಗಿನ್ನೂ ತಿಂಗಳು ಕಳೆದಿರಲಿಲ್ಲ.

ನಮ್ಮಲ್ಲಿ ಎಂದರೆ ಮಾವ ಮತ್ತು ನಾನು. ಅಮ್ಮನ ತಮ್ಮ ಅವರು. ಅಪ್ಪ ಹೋದ ಮೇಲೆ ಅಕ್ಕನನ್ನು ಓದಿಸಿದವರು, ಪುಸ್ತಕ ಕಂಡರೆ ಓಡುತ್ತಿದ್ದ ನನ್ನ ಕೈಗೆ ಸ್ಪ್ಯಾನರ್ ಕೊಟ್ಟವರು. ನನಗೆ ‘ಪಟಾಕಿ’ ಎಂದು ಹೆಸರಿಟ್ಟವರೂ ಅವರೇ. ನಾನು ಸಿಡಿದಾಗಲೆಲ್ಲ ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದರು.

ಆ ಮೋಟರಿನ ಹೊಟ್ಟೆಯಲ್ಲಿ ಒಂದು ಉಕ್ಕಿನ ಬಳೆ, ಬಳೆಯೊಳಗೆ ನಕ್ಷತ್ರದ ಆಕಾರದ ಒಂದು ಬಿಲ್ಲೆ ಇರುತ್ತದೆ. ನಾವು ಅದನ್ನು ನಕ್ಷತ್ರ ಎಂದೇ ಕರೆಯುವುದು. ಒತ್ತಡದಲ್ಲಿ ನುಗ್ಗುವ ಎಣ್ಣೆ ನಕ್ಷತ್ರವನ್ನು ತಿರುಗಿಸುತ್ತದೆ, ನಕ್ಷತ್ರ ಗಾಲಿಯನ್ನು ತಿರುಗಿಸುತ್ತದೆ. ಅದು ಸವೆದರೆ ಎಣ್ಣೆ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಬೆಳಿಗ್ಗೆ ಎಣ್ಣೆ ತಣ್ಣಗಿರುವಾಗ ಗಾಡಿ ಹೇಳಿದ ಮಾತು ಕೇಳುತ್ತದೆ. ಎಣ್ಣೆ ಕಾದು ತೆಳುವಾದ ಮೇಲೆ ಏರು ಕಂಡರೆ ಕೈಯೆತ್ತಿಬಿಡುತ್ತದೆ.

ಬಿಚ್ಚಿ ತೆಗೆದ ಹಳೆಯ ನಕ್ಷತ್ರದ ಮೇಲೆ ಒಂದರ ಮೇಲೊಂದು ಅಡ್ಡ ಗೀಟು ಎಳೆದು ಕತ್ತರಿ ಗುರುತು ಕೆತ್ತಿಯೇ ಗುಜರಿ ಡಬ್ಬಕ್ಕೆ ಹಾಕಬೇಕು. ಇದು ಮಾವನ ಕಟ್ಟಪ್ಪಣೆ. “ತೊಳೆದಿಟ್ರೆ ಹಳೇದೂ ಹೊಸದರ ಹಾಗೇ ಹೊಳೆಯುತ್ತೆ ಕಣೇ. ಗೀಟು ಎಳೆದು ಬಿಸಾಕು, ಆಗ ಯಾರೂ ಮೋಸ ಹೋಗಲ್ಲ,” ಎಂದು ಕಲಿಸಿದ್ದರು.

ಅವತ್ತು ಮಾವ ಕೀಲಿಯನ್ನು ಜೇಬಿಗೆ ಹಾಕಿಕೊಂಡು, “ಇದನ್ನ ನೀನು ಮುಟ್ಟಬೇಡ ಪಟಾಕಿ, ನಾಳೆ ನಾನೇ ನೋಡ್ತೀನಿ,” ಎಂದು ಬ್ಯಾಂಕಿಗೆ ಹೋದರು. ಮುಟ್ಟಬೇಡ ಎಂದರೆ ನನ್ನ ಕೈ ಸುಮ್ಮನಿರುತ್ತದೆಯೇ? ಮೋಟರ್ ಇಳಿಸಲು ಕೀಲಿ ಬೇಕಿಲ್ಲ. ಜಾಕ್ ಕೊಟ್ಟು, ಗಾಲಿ ಕಳಚಿ, ಎಣ್ಣೆ ಪೈಪುಗಳ ಬಾಯಿಗೆ ಬಿರಡೆ ತುರುಕಿ, ಮೋಟರನ್ನು ಬೆಂಚಿನ ಮೇಲೆ ತಂದು ಕೂರಿಸಿ ಮುಚ್ಚಳ ತೆಗೆದೆ. ಸೀಲುಗಳು ಹೊಸವು, ಬೋಲ್ಟುಗಳು ಹೊಸವು. ನಕ್ಷತ್ರವನ್ನು ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕತ್ತರಿ ಗುರುತು ಕಾಣಿಸಿತು.

ಯಾರೋ ಎಮರಿ ಕಾಗದದಲ್ಲಿ ಮನಸ್ಸಿಟ್ಟು ತಿಕ್ಕಿದ್ದರು. ಆದರೂ ಒಂದು ಗೀಟು ಉದ್ದ, ಇನ್ನೊಂದು ಗಿಡ್ಡ, ಅದು ನನ್ನ ಎಡಗೈಯ ವಕ್ರ ಕೆಲಸವೇ. ಆ ಮೋಟರಿನಿಂದ ನಾನೇ ತೆಗೆದು ಡಬ್ಬಕ್ಕೆ ಎಸೆದಿದ್ದ ನಕ್ಷತ್ರ ಅದು. ಅದರ ಬದಲಿಗೆ ತರಿಸಿದ್ದ ಹೊಸದು ಬಂದ ದಿನ ಮಾವ ನನ್ನನ್ನು ಕಲ್ಲುಕ್ವಾರಿಯ ಕೆಲಸಕ್ಕೆ ಕಳಿಸಿ, “ಜೋಡಿಸೋದು ನಾನು ನೋಡ್ಕೋತೀನಿ, ಹೋಗು,” ಎಂದಿದ್ದರು. ನಕ್ಷತ್ರವನ್ನು ಮತ್ತೆ ಬಳೆಯೊಳಗಿಟ್ಟು, ಸಂದಿಯ ಅಗಲ ಅಳೆಯುವ ತೆಳು ತಗಡನ್ನು ತುರುಕಿ ನೋಡಿದೆ. ತಿಕ್ಕಿದ್ದಕ್ಕೆ ನಕ್ಷತ್ರ ಮೊದಲಿಗಿಂತಲೂ ತೆಳುವಾಗಿತ್ತು. ಸುಮ್ಮನೆ ಹಳೆಯದನ್ನೇ ಹಾಕಿದ್ದರೂ ಇನ್ನೊಂದಿಷ್ಟು ದಿನ ತಳ್ಳುತ್ತಿತ್ತೇನೋ. ಗುರುತು ಅಳಿಸಲು ಹೋಗಿ ಅದರ ಕಥೆಯನ್ನೇ ಮುಗಿಸಿ, ಆಮೇಲೆ ನನ್ನ ಅಕ್ಕನನ್ನು ಆ ಗಾಡಿಯ ಮೇಲೆ ಕೂರಿಸಿ ಕಳಿಸಿದ್ದರು.

ಮಾವ ಬಂದಾಗ ನಕ್ಷತ್ರ ಅವರ ಮೇಜಿನ ಮೇಲಿತ್ತು. ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಹೊಸದು ಎಲ್ಲಿ ಮಾವ?”

“ದೊರೆ ಗಾಡಿಗೆ ಹಾಕಿದೆ.”

ದೊರೆ ಎಂದರೆ ಮಾವನ ಮಗ. ಈ ಕಡೆಯ ಹುಲ್ಲುಕಡ್ಡಿ ಎತ್ತಿ ಆ ಕಡೆ ಇಡದವನು, ಅದಕ್ಕೇ ಆ ಬಿರುದು. ಅಂಥವನು ಆಟದ ಮೈದಾನದಲ್ಲಿ ಹುಲ್ಲು ಕತ್ತರಿಸುವ ಗುತ್ತಿಗೆ ಹಿಡಿದಿದ್ದ. ಅವನದೂ ಇದೇ ಮಾದರಿಯ ಟ್ರ್ಯಾಕ್ಟರ್.

“ಮೊದಲನೇ ದಿನವೇ ಅವನ ಗಾಡಿ ನಿಂತೋಯ್ತು ಕಣೇ. ಹುಟ್ಟಿದಾಗಿಂದ ಅವನಾಗೇ ಹುಡುಕ್ಕೊಂಡ ಕೆಲಸ ಅದೊಂದೇ. ಇನ್ನೊಂದು ತರಿಸಿ ಅಕ್ಕನ ಗಾಡಿಗೆ ಹಾಕೋಣ ಅಂತಿದ್ದೆ. ಅಷ್ಟರಲ್ಲಿ ಹಿಂಗಾಯ್ತು.”

“ಅಕ್ಕ ಸತ್ತೋಗಿದ್ರೆ?”

“ಬಿಡ್ತು ಅನ್ನು!” ಮಾವ ಕುರ್ಚಿಯಲ್ಲಿ ಕುಸಿದು ಕೂತು ನನ್ನ ಮಣಿಕಟ್ಟು ಹಿಡಿದುಕೊಂಡರು. “ಒಂದು ಉಪಕಾರ ಮಾಡೇ. ನಿನ್ನ ಕೈತಪ್ಪು ಅಂತ ಹೇಳಿಬಿಡು. ಒಡಹುಟ್ಟಿದವಳು, ನಿನ್ನ ಮೇಲೆ ಎಷ್ಟು ದಿನ ಅಂತ ಮುನಿಸ್ಕೋತಾಳೆ? ನಾನು ಅಂತ ಗೊತ್ತಾದ್ರೆ ಈ ಜನ್ಮದಲ್ಲಿ ಮನೆ ಬಾಗಿಲಿಗೂ ಸೇರ್ಸಲ್ಲ.”

ನನ್ನನ್ನು ಜ್ವರದಲ್ಲಿ ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದ ಮನುಷ್ಯ ನನ್ನ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಸಿಟ್ಟು ಒಂದು ಕಡೆ, ಕರುಳು ಇನ್ನೊಂದು ಕಡೆ. ಕೈಕೆಲಸದವಳಿಗೆ ಅವಳ ಕೈಗಿಂತ ದೊಡ್ಡ ಮಾನ ಯಾವುದಿದೆ? ಆದರೂ ಹೂಂ ಅಂದುಬಿಟ್ಟೆ.

ಸಂಜೆಯ ಹೊತ್ತಿಗೆ ಅಕ್ಕ ಬಂದಳು. ಮಾವ ಮೇಜಿನ ಹಿಂದೆಯೇ ಕೂತಿದ್ದರು. ಮೊಣಕೈಗೆ ಪಟ್ಟಿ ಕಟ್ಟಿತ್ತು, ಇನ್ನೊಂದು ಕೈಯಲ್ಲಿ ಫ್ಲಾಸ್ಕ್ ಇತ್ತು. ಅದನ್ನು ನೋಡಿದ್ದೇ ನನ್ನ ಕಣ್ಣು ತುಂಬಿತು. ಹೇಳಬೇಕಾದ ಸುಳ್ಳನ್ನು ನಾಲಿಗೆಯ ತುದಿಗೆ ತಂದುಕೊಂಡೆ. ಅವಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

“ಯಾಕೆ ಮುಖ ಹಂಗಿಟ್ಕೊಂಡಿದೀಯ? ಬಿಡೇ, ಆಗಿದ್ದು ಆಗೋಯ್ತು. ಗಾಡಿ ಗುದ್ದಿದ ದಿನಾನೇ ಮಾವ ಫೋನ್ ಮಾಡಿ ಎಲ್ಲಾ ಹೇಳಿದ್ರು. ನೀನು ಆತುರ ಮಾಡಿದ್ದು, ಇನ್ನೊಂದು ಸಲ ಪರೀಕ್ಷೆ ಮಾಡೋಣ ಅಂದ್ರೂ ಕೇಳದೆ ಕಳಿಸಿದ್ದು. ನಿನಗೆ ಬೈಯಲ್ಲ ಅಂತ ನನ್ನಿಂದ ಮಾತು ತಗೊಂಡಿದಾರೆ, ಅದಕ್ಕೇ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಪಾಪ, ದೇವರಂಥ ಮನುಷ್ಯ. ಇನ್ಮೇಲೆ ನನ್ನ ಗಾಡಿ ನೀನು ಮುಟ್ಟಬೇಡ, ಅವರೇ ನೋಡ್ಲಿ. ಅಷ್ಟೇ.”

ಗುದ್ದಿದ ದಿನಾನೇ! ನನ್ನ ಒಪ್ಪಿಗೆ ಕೇಳುವುದಕ್ಕೆ ಎಷ್ಟೋ ಮೊದಲೇ ನನ್ನನ್ನು ಮಾರಿಬಿಟ್ಟಿದ್ದರು. ಆ ವಾರವಿಡೀ ನನ್ನ ಎದುರಿಗೇ ಕೂತು ಊಟ ಮಾಡಿದ್ದರು, ‘ಅಕ್ಕನಿಗೆ ಏನೋ ಬೇಜಾರಿರಬೇಕು’ ಎಂದು ನನಗೇ ಸಮಾಧಾನ ಹೇಳಿದ್ದರು. ನಕ್ಷತ್ರದ ವಿಷಯಕ್ಕೆ ನನಗೆ ಸಿಟ್ಟು ಬಂದಿತ್ತು. ಇದಕ್ಕೆ ಮಾತ್ರ ಎದೆಯೇ ಒಡೆಯಿತು.

“ಅಕ್ಕಾ, ಕಿಟಕಿ ಹತ್ರ ಬಾ,” ಎಂದೆ. ನಕ್ಷತ್ರವನ್ನು ಅವಳ ಅಂಗೈ ಮೇಲಿಟ್ಟು ಬೆಳಕಿಗೆ ಓರೆ ಮಾಡಿದೆ. “ಇದು ನಿನ್ನ ಮೋಟರ್ ಒಳಗೆ ಇದ್ದದ್ದು. ನಾವು ಕತ್ತರಿ ಎಳೆಯೋದು ಬಿಸಾಕೋವಾಗ. ಎಳೆದು ಬಿಸಾಕಿದ್ದು ನಾನು. ಅದನ್ನ ಎತ್ತಿ, ಗುರುತು ತಿಕ್ಕಿ, ಮತ್ತೆ ಹಾಕಿದ್ದು ನಾನಲ್ಲ. ನಿನ್ನ ಹೊಸದು ದೊರೆ ಗಾಡಿಯಲ್ಲಿ ತಿರುಗ್ತಾ ಇದೆ.”

ಅಕ್ಕ ಹೆಬ್ಬೆರಳಿನಿಂದ ಆ ಗೀಟುಗಳನ್ನು ಸವರಿದಳು. ನಿಧಾನಕ್ಕೆ ತಿರುಗಿ ಮಾವನನ್ನು ನೋಡಿದಳು. ಆಗಲಾದರೂ ಅವರು ‘ತಪ್ಪಾಯ್ತು’ ಎಂದಿದ್ದರೆ ನಾನು ಅವರ ಕಾಲ ಬಳಿ ಕೂತು ಅತ್ತುಬಿಡುತ್ತಿದ್ದೆನೇನೋ. ಅವರು ಅಕ್ಕನ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿದರು, ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ಹೂಂ ಅಂದಿದ್ದೆಯಲ್ಲೇ ಪಟಾಕಿ,” ಎಂದರು. “ನೀನು ನನಗೆ ಹಿಂಗೆ ಮಾಡ್ತೀಯ ಅಂತ ಅಂದ್ಕೊಂಡಿರಲಿಲ್ಲ.”

ನಾನು ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡೆ. ಮೈದಾನದಲ್ಲಿದ್ದ ದೊರೆಯ ಗಾಡಿಯಿಂದ ಅಕ್ಕನ ನಕ್ಷತ್ರವನ್ನು ಬಿಚ್ಚಿ ತರಬೇಕಿತ್ತು. ಅಕ್ಕ ಮುಚ್ಚಳ ತೆಗೆಯದ ಫ್ಲಾಸ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಪಟ್ಟಿ ಕಟ್ಟದ ಕೈಯಿಂದ ಚೀಲದ ಇನ್ನೊಂದು ಹಿಡಿ ಹಿಡಿದಳು.