ಓಕ್ ಮರದಡಿಯ ಡೇರೆ

ಅಲಬಾಮಾದ ಆ ಕಪ್ಪು ಜನರ ಕಾಲೇಜಿಗೆ ಹಳೆ ವಿದ್ಯಾರ್ಥಿಗಳೆಲ್ಲ ಮರಳಿ ಬರುವ ಹಬ್ಬದ ದಿನ, ವರ್ನೆಲ್ ಟಿಸ್ಡೇಲ್ ಮೀನು ಹುರಿಯಲು ನಿಂತಳೆಂದರೆ ಪಕ್ಕದ ರಾಜ್ಯದವರ ಮೂಗೂ ಅರಳುತ್ತಿತ್ತು. ಹಳೆ ವಿದ್ಯಾರ್ಥಿ ಸಂಘಕ್ಕೆ ಮೂವತ್ತೊಂದು ವರ್ಷದಿಂದ ಆಕೆಯೇ ಅಧ್ಯಕ್ಷೆ, ಬಿಡಿಗಾಸಿನ ಸಂಬಳವಿಲ್ಲದೆ. ಸಂಘದ ಡೇರೆ ಯಾವಾಗಲೂ ದೊಡ್ಡ ಓಕ್ ಮರದಡಿಯೇ. ಈ ಸಲ ಕಾಲೇಜಿನ ಹೊಸ ಅಧಿಕಾರಿ ಡೆಲ್ರಾಯ್, ತಾನೂ ಅಲ್ಲೇ ಓದಿದವನು, ಕಾಗದ ಹಿಡಿದು ಬಂದ.

"ಮಿಸ್ ವರ್ನೆಲ್, ಈ ಜಾಗ ಪ್ರಾಯೋಜಕ ಕಂಪನಿಗೆ ಕೊಟ್ಟಾಯ್ತು. ಮೆರವಣಿಗೆ ಬರೋದ್ರೊಳಗೆ ನೀವು ಪಾರ್ಕಿಂಗ್ ಹಿಂದಕ್ಕೆ ಹೋಗ್ಬೇಕು."

"ಓದೋ ಕಾಲ್ದಲ್ಲಿ ಮೂರು ತಟ್ಟೆ ಮೀನು ತಿಂದು ಇಲ್ಲೇ ಬಿದ್ದಿದ್ಯಲ್ಲೋ ಮಗಾ, ಆಗ ಯಾವ ಕಂಪನಿ ಬಂದಿತ್ತೋ ನಿನ್ನ ಎತ್ತೋಕೆ?"

ಡೆಲ್ರಾಯ್ ತನ್ನ ಜೊತೆ ಬಂದಿದ್ದ ವಿದ್ಯಾರ್ಥಿಗಳ ಕಡೆ ತಿರುಗಿದ. "ಕೀಳ್ರಯ್ಯಾ ಗೂಟಾನ!"

ವರ್ನೆಲ್ ಸೌಟು ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟು ಕಾಲೇಜು ಗೀತೆ ಎತ್ತಿಕೊಂಡಳು. ಆ ಗೀತೆ ಮುಗಿಯುವವರೆಗೆ ಅಲ್ಲಿ ಓದಿದ ಯಾರೂ ಅಲುಗಾಡುವಂತಿಲ್ಲ. ಅಲುಗಾಡಿದವನ ಮುಖವನ್ನು ಹೆತ್ತ ತಾಯಿಯೂ ನೋಡುವುದಿಲ್ಲ. ಸಂಘದ ನಾನೂರು ಕಂಠಗಳು ದನಿಗೂಡಿಸಿದವು. ಗೂಟಕ್ಕೆ ಬಗ್ಗಿದ್ದವರು ನೆಟ್ಟಗೆ ನಿಂತರು. ಡೆಲ್ರಾಯ್‌ನ ಕೈಯೂ ತಾನಾಗಿ ಎದೆಗೇರಿತು. ಮೂರು ಚರಣ ಮುಗಿಯುತ್ತಲೇ, ಉಸಿರಾಡಲೂ ಬಿಡುವಿಲ್ಲದಂತೆ, ಆಕೆ ಮತ್ತೆ ಮೊದಲಿನಿಂದ ಹಿಡಿದಳು. ಹೀಗೆ ಹದಿನೇಳು ಸಲ. ಓಕ್ ಮರವೇ ಬೆವೆತುಹೋಯಿತು.

ಹದಿನೆಂಟನೆಯ ಸಲಕ್ಕೆ ಮೆರವಣಿಗೆಯ ವಾದ್ಯದವರು ರಸ್ತೆ ತುಂಬಿಕೊಂಡು ಬಂದರು. ಡೇರೆ ಸಾಮಾನು ಹೊತ್ತು ಬಂದಿದ್ದ ಕಂಪನಿಯ ಲಾರಿ ಒಳಬರಲು ದಾರಿಯಿಲ್ಲದೆ ಗೇಟಿನಾಚೆಯೇ ಉಳಿಯಿತು.

"ಇದು ಮೋಸ, ಮಿಸ್ ವರ್ನೆಲ್," ಡೆಲ್ರಾಯ್ ಹಲ್ಲು ಕಡಿದ.

"ಮುಂದಿನ ವರ್ಷಾನೂ ಕಾಗದ ತಗೊಂಡು ಬಾರೋ," ಎಂದಳು ವರ್ನೆಲ್. "ನನ್ನ ಗಂಟಲಿಗೆ ಇದಿನ್ನೂ ಬರೀ ಅಭ್ಯಾಸ."